ಸಾಣೆಯಮ್ಮನ ಕಲ್ಲು

ಸಾಣೆಯಮ್ಮನಿಗೆ ಸಿಟ್ಟು ಬಂದರೆ ಪಕ್ಕದ ಬೀದಿಯ ಹಾಲು ಒಡೆಯುತ್ತದೆ ಎಂದು ಜನ ಹೇಳುವುದು ಪೂರ್ತಿ ಸುಳ್ಳಲ್ಲ. ಒಡೆದ ಹಾಲನ್ನು ಕಣ್ಣಾರೆ ಕಂಡವರಿದ್ದಾರೆ. ಅವಳ ಗಂಡ ಬಸ್ಸು ಓಡಿಸುತ್ತಾನೆ. ಮನೆಯಲ್ಲಿ ಬಾಯಿ ಬಿಡಲು ಅವಕಾಶ ಸಿಗದೆ, ಹೇಳಬೇಕಾದದ್ದನ್ನೆಲ್ಲ ಹಾರನ್ನಿನಲ್ಲೇ ಹೇಳಿ ಮುಗಿಸಿ ಬರುತ್ತಾನೆ. ಹಾಗೆಂದು ಅವಳು ಕೆಟ್ಟವಳೇನಲ್ಲ. ಮೊಂಡು ಚಾಕು ಕಂಡರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಏನು ಮಾಡುವುದು, ಲೋಕದಲ್ಲಿ ಮೊಂಡು ಚಾಕುಗಳೇ ಜಾಸ್ತಿ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಅವಳ ಅಪ್ಪನಿಂದ ಬಂದ ಸಾಣೆಕಲ್ಲು. ಬರುವುದೆಲ್ಲ ಹೆಚ್ಚಾಗಿ ಕಾಡು ಮೇಡು ಅಲೆಯುವವರ ಚಾಕುಗಳು: ಮಡಚಲು ಬಾರದ, ಗೇಣುದ್ದದ, ಮರದ ಹಿಡಿಯವು. ಗಿರಾಕಿಗಳು ಅದಕ್ಕೆ ಸ್ಕ್ಯಾಂಡಿ ಎನ್ನುತ್ತಾರೆ. ಅಡುಗೆಮನೆಯ ಚಾಕುವಿಗೆ ಅಂಚಿನಲ್ಲಿ ಇನ್ನೊಂದು ಪುಟ್ಟ ಇಳಿಜಾರು ಇರುತ್ತದಲ್ಲ, ಇದಕ್ಕೆ ಅದಿಲ್ಲ. ಅಲಗಿನ ನಡುವಿನಿಂದ ಹೊರಟ ಅಗಲವಾದ ಒಂದೇ ಇಳಿಜಾರು ನೇರವಾಗಿ ಅಂಚಿಗೇ ಹೋಗಿ ಮುಟ್ಟುತ್ತದೆ. ಆ ಇಳಿಜಾರನ್ನು ಪೂರ್ತಿಯಾಗಿ ಕಲ್ಲಿನ ಮೇಲೆ ಮಲಗಿಸಿ, ಕೂದಲೆಳೆಯಷ್ಟೂ ಎತ್ತದೆ ಉಜ್ಜಬೇಕು. ಎತ್ತಿದರೆ ಅಂಚು ಗುಂಡಗಾಗುತ್ತದೆ. ಗುಂಡಗಾದ ಚಾಕು ಕಟ್ಟಿಗೆಯನ್ನು ಕಚ್ಚುವುದಿಲ್ಲ, ಬೆನ್ನು ಸವರಿ ಸಮಾಧಾನ ಹೇಳಿ ಮುಂದೆ ಹೋಗುತ್ತದೆ.

ಉಜ್ಜುವುದು ಅವಳ ಕೆಲಸ. ಆಮೇಲಿನದು ಮೈದುನನದು. ಚರ್ಮದ ಪಟ್ಟಿಯ ಮೇಲೆ ಅಲಗನ್ನು ಹಿಮ್ಮುಖವಾಗಿ ಎಳೆದು ಅಂಚಿನಲ್ಲಿ ಉಳಿದ ಒರಟು ತೆಗೆಯುತ್ತಾನೆ, ತುಕ್ಕು ಹತ್ತದಂತೆ ಎಣ್ಣೆ ಸವರುತ್ತಾನೆ, ಒಣಗಿದ ಮರದ ಹಿಡಿಗೆ ಅಗಸೆ ಎಣ್ಣೆ ಕುಡಿಸುತ್ತಾನೆ. ಅವನು ಅಳೆದು ತೂಗಿ ಮಾತಾಡುವವನು; ಶುರುಮಾಡಿದರೆ ಮುಗಿಯುವುದರೊಳಗೆ ಕೇಳುವವರ ಕೂದಲು ನೆರೆಯುತ್ತದೆ. ಕಂಡ ಕಂಡ ಕೆಲಸ ಹಿಡಿದು, ಯಾವುದೂ ಒಗ್ಗದೆ, ಕೊನೆಗೆ ಈ ಮೇಜಿನ ತುದಿಯಲ್ಲಿ ನೆಲೆ ನಿಂತವನು ಅವನು. ಕಲ್ಲನ್ನು ಮಾತ್ರ ಮುಟ್ಟುವಂತಿರಲಿಲ್ಲ. ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ನೊಣ ಕೂತರೆ ಅದರ ವಂಶಕ್ಕೆಲ್ಲ ಬೈಗುಳ ಬೀಳುತ್ತಿತ್ತು.

ಆ ದಿನ ಬೆಳಿಗ್ಗೆ ಕೊಕ್ಕರೆ ಬಂದ. ಕೊಕ್ಕರೆ ಎಂದರೆ ಅರಣ್ಯದ ಕಾವಲುಗಾರ. ಅವನ ಕಾಲು ನೋಡಿದವರಿಗೆ ಬೇರೆ ಹೆಸರು ಹೊಳೆಯುವುದು ಸಾಧ್ಯವಿಲ್ಲ. ಹಿಂದಿನ ವಾರ ಸಾಣೆ ಹಿಡಿಸಿ ಒಯ್ದಿದ್ದ ಚಾಕುವನ್ನು ಮೇಜಿನ ಮೇಲಿಟ್ಟ.

"ಅಕ್ಕ, ಇದು ಹೆರೀತಾನೇ ಇಲ್ಲ. ಒದ್ದೆ ಕಟ್ಟಿಗೆ ಸೀಳಿ, ಒಳಗಿನ ಒಣ ಭಾಗ ಹೆರೆದು ಬೆಂಕಿ ಹಚ್ಚೋಣ ಅಂದ್ರೆ ಬರೀ ಜಾರುತ್ತೆ. ರಾತ್ರಿಯೆಲ್ಲ ಚಳಿಗೆ ಹಲ್ಲು ಕಡಿದು ಕಡಿದು ದವಡೆ ನೋಯ್ತಾ ಇದೆ."

"ಕಟ್ಟಿಗೆ ಸರಿ ಇರ್ಲಿಲ್ವೇನೋ."

"ನನ್ನ ಜೊತೆಯವನ ಚಾಕೂ ಹಾಗೇ ಆಗಿದೆ. ಅದೂ ಇಲ್ಲಿಂದಲೇ ಬಂದಿದ್ದು."

ಅವಳು ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಚಪ್ಪಟೆ ಇಳಿಜಾರಾದರೆ ಬೆಳಕು ಒಮ್ಮೆಗೇ ಹೊಳೆದು ಒಮ್ಮೆಗೇ ಆರಬೇಕು. ಇಲ್ಲಿ ಅದು ದಿಬ್ಬ ಹತ್ತಿ ಇಳಿದಂತೆ ನಿಧಾನವಾಗಿ ಉರುಳಿಕೊಂಡು ಹೋಯಿತು. ಅವಳ ಕಿವಿಗಳು ಕೆಂಪಾದವು. ಕೊಕ್ಕರೆ ಬಾಗಿಲ ಕಡೆ ಸರಿದು ನಿಂತ.

"ಪಟ್ಟಿ ಮೇಲೆ ಎಳೆಯುವಾಗ ಕೊನೇಲಿ ಕೈ ಎತ್ತಿದೀಯ," ಎಂದಳು ಮೈದುನನಿಗೆ.

"ಇಲ್ಲ ಅತ್ತಿಗೆ."

"ಮತ್ತೆ ಇದು ಹೇಗೆ ಗುಂಡಗಾಯ್ತು? ಕೂತು ತಿಂದು ಮೈ ಬಂತಾ?"

"ಚರ್ಮದಿಂದ ಇಷ್ಟಾಗಲ್ಲ. ಆದ್ರೂ ಅಂಚು ಮಾತ್ರ ಗುಂಡಗಾಗ್ಬೇಕು. ಇಡೀ ಇಳಿಜಾರೇ ಉಬ್ಬಿದೆ, ನೋಡಿ."

"ನನಗೆ ಪಾಠ ಹೇಳ್ತೀಯಾ? ನೀನು ಹುಟ್ಟೋಕೆ ಮೊದಲು ಈ ಕಲ್ಲಿನ ಮುಂದೆ ಕೂತವಳು ನಾನು." ದನಿ ಏರಿತು, ಕಪಾಟಿನ ಗಾಜು ಸಣ್ಣಗೆ ಗುನುಗಿತು. "ಅವರು ಕಾಡಲ್ಲಿ ನಡುಗ್ತಾ ಕೂತಿದ್ದು ನಿನ್ನಿಂದ. ಸಂಜೆಯೊಳಗೆ ನಿನ್ನ ಪಟ್ಟಿ, ಎಣ್ಣೆ ಡಬ್ಬಿ ಎತ್ಕೊಂಡು ಹೊರಡು. ಊಟಕ್ಕೆ ಮನೆಗೆ ಬಾ, ಬೇಡ ಅನ್ನಲ್ಲ. ಈ ಮೇಜಿನ ಹತ್ರ ಮಾತ್ರ ಸುಳಿಯಬೇಡ."

ಮೈದುನ ಪಟ್ಟಿಯನ್ನು ಸುತ್ತತೊಡಗಿದ. ಅರ್ಧ ಸುತ್ತಿ ನಿಲ್ಲಿಸಿದ. ಅಷ್ಟು ವರ್ಷ ನುಂಗಿದ್ದೆಲ್ಲ ಅವನ ಮುಖಕ್ಕೆ ಬಂದಿತ್ತು.

"ನಾನು ಹೋಗ್ತೀನಿ. ಮಾಡದ ತಪ್ಪು ಹೊತ್ಕೊಂಡು ಹೋಗಲ್ಲ. ಕಲ್ಲಿಗೆ ಹಳ್ಳ ಬಿದ್ದಿದೆ."

"ಯಾವ ಕಲ್ಲಿಗೆ?"

"ಇಲ್ಲಿರೋದು ಒಂದೇ ಕಲ್ಲು, ಅತ್ತಿಗೆ."

ಹೇಳಿದವನೇ ಕೈ ಚಾಚಿ ಕಲ್ಲನ್ನು ಎತ್ತಿಕೊಂಡ. ಕೊಕ್ಕರೆ ಕಣ್ಣು ಮುಚ್ಚಿದ. ಮೈದುನ ಒದ್ದೆ ಒರೆಸಿ, ಕಲ್ಲಿನ ಮೈತುಂಬ ಪೆನ್ಸಿಲಿನಿಂದ ಗೆರೆ ಎಳೆದು, ಮೇಜಿನ ಕೆಳಗಿದ್ದ ದಪ್ಪ ಗಾಜಿನ ಹಲಗೆಯ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ನೀರು ಚಿಮುಕಿಸಿ ಉಜ್ಜಿದ. ಅವಳು ಎಸೆಯಲೆಂದು ನೀರಿನ ತಂಬಿಗೆಗೆ ಕೈ ಹಾಕಿದಳು. ಎತ್ತುವಷ್ಟರಲ್ಲಿ ಅವಳ ಮಣಿಕಟ್ಟು ನೋವಿನಿಂದ ಹಿಡಿದುಕೊಂಡಿತು, ತಂಬಿಗೆ ಅಲ್ಲೇ ಉಳಿಯಿತು.

ಅವನು ಕಲ್ಲನ್ನು ತಿರುಗಿಸಿ ತೋರಿಸಿದ. ಎರಡು ತುದಿಯ ಗೆರೆಗಳು ಅಳಿಸಿಹೋಗಿದ್ದವು. ನಡುವಿನವು ಎಳೆದ ಹಾಗೇ ಕಪ್ಪಗೆ ಕೂತಿದ್ದವು. ಅಲ್ಲಿಗೆ ಸ್ಯಾಂಡ್‌ಪೇಪರ್ ತಾಗಿಯೇ ಇರಲಿಲ್ಲ.

ಅವಳಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಹಳ್ಳದಲ್ಲಿ ಉಜ್ಜಿದ ಅಲಗು ಆ ಹಳ್ಳಕ್ಕೆ ಹೊಂದುವ ಹಾಗೆ ಉಬ್ಬುತ್ತದೆ. ಆಗಾಗ ಕಲ್ಲನ್ನು ಹೀಗೆ ತಿಕ್ಕಿ ಸಮ ಮಾಡಬೇಕೆಂದು ಅಪ್ಪ ಕಲಿಸಿದ್ದ, ಅವಳೂ ಮಾಡುತ್ತಿದ್ದಳು. ಮಣಿಕಟ್ಟು ನೋಯತೊಡಗಿದ ಮೇಲೆ ನಾಳೆ ಎಂದಳು. ನಾಳೆಯೂ ನೋವು ಇತ್ತು. ಇನ್ನೊಬ್ಬರಿಗೆ ಹೇಳಬೇಕೆಂದರೆ ಕಲ್ಲನ್ನು ಅವರ ಕೈಗೆ ಕೊಡಬೇಕು. ಅದಕ್ಕಿಂತ ಕೈಯನ್ನೇ ಕಡಿದು ಕೊಡುತ್ತಿದ್ದಳು.

ಸಿಟ್ಟು ಇಳಿಯಿತೇ ಎಂದರೆ, ಇಲ್ಲ. ಮೊದಲು ಒಬ್ಬನ ಮೇಲಿದ್ದದ್ದು ಈಗ ಕಲ್ಲು, ಕೈ, ಪೆನ್ಸಿಲ್, ಎಲ್ಲದರ ಮೇಲೂ ಹರಡಿತು. ಅವಳು ಕೊಕ್ಕರೆಯ ಕಡೆ ತಿರುಗಿದಳು.

"ಏನು ನೋಡ್ತೀಯ? ನಿನ್ನ ಚಾಕು ಕೆಡಿಸಿದ್ದು ಇವನಲ್ಲ, ನಾನು. ನಿನ್ನ ಜೊತೆಯವನದೂ ನಾನೇ. ಹೋಗಿ ಅವನಿಗೂ ಹೇಳು, ಸಾಣೆಯಮ್ಮನೇ ಕೆಡಿಸಿದ್ದು ಅಂತ. ಹಲ್ಲು ಕಿರಿದೆ ಅಂದ್ರೆ ನೋಡು."

"ನಾನೆಲ್ಲಿ ಕಿರಿದೆ ಅಕ್ಕ, ಈಗಲೂ ದವಡೆ ನೋವು," ಎಂದ ಕೊಕ್ಕರೆ.

ಮೈದುನ ಪಟ್ಟಿಯನ್ನು ಬಿಚ್ಚಲೂ ಇಲ್ಲ, ಸುತ್ತಲೂ ಇಲ್ಲ.

"ಇನ್ಮೇಲೆ ಈ ಕಲ್ಲು ಸಮ ಮಾಡೋದು ನಾನು," ಎಂದ. "ನಿಮ್ಮನ್ನ ಕೇಳಲ್ಲ. ಬೇಕು ಅನ್ಸಿದಾಗ ಎತ್ಕೊತೀನಿ. ಒಪ್ಪಿಗೆ ಇದ್ರೆ ಇರ್ತೀನಿ, ಇಲ್ಲಾಂದ್ರೆ ಈಗಲೇ ಹೊರಟೆ."

ಅವಳ ಬಾಯಿಯಲ್ಲಿ ಮಾತುಗಳು ಬಸ್ ನಿಲ್ದಾಣದ ಜನರಂತೆ ನುಗ್ಗಾಡಿದವು. ಯಾವುದು ಮೊದಲು ಹೊರಬೀಳುವುದೋ ಅವಳಿಗೇ ಗೊತ್ತಿರಲಿಲ್ಲ.

"ಎತ್ಕೋ," ಎಂದಳು ಕೊನೆಗೆ. "ಆದ್ರೆ ನಾನು ಬೈತೀನಿ."

"ಬೈರಿ."

ಅವನು ಕಲ್ಲನ್ನು ಮತ್ತೆ ಗಾಜಿನ ಮೇಲಿಟ್ಟ. ನೀರು ಕಡಿಮೆಯಾಯಿತೆಂದು ಬೈದಳು, ಜಾಸ್ತಿಯಾಯಿತೆಂದು ಬೈದಳು, ಒಂದೇ ಕಡೆ ಒತ್ತುತ್ತಿದ್ದಾನೆಂದು ಅವನ ಅಣ್ಣನನ್ನೂ ಸೇರಿಸಿ ಬೈದಳು. ಅವನು ಉಜ್ಜಿದ. ಬೂದು ನೀರು ಮೇಜಿನಿಂದ ಹರಿದು ಕೊಕ್ಕರೆಯ ಬೂಟಿನ ತನಕ ಬಂತು. ನಡುವಿನ ಕೊನೆಯ ಪೆನ್ಸಿಲ್ ಗೆರೆ ಅಳಿಸಿದ ಮೇಲೆ ಅವಳು ಕಲ್ಲನ್ನು ಕಸಿದುಕೊಂಡು, ಕೊಕ್ಕರೆಯ ಚಾಕುವಿನ ಇಳಿಜಾರನ್ನು ಅದರ ಮೇಲೆ ಮಲಗಿಸಿದಳು.