ದಿನಾ ಸಮುದ್ರಕ್ಕೆ ಹೋಗುವವರು

ನಮ್ಮವ್ವ ಗುರುಲಿಂಗಮ್ಮ ಭಾರೀ ಶಾಣ್ಯಾಕಿ, ಮಗಳ ಬಾಳು ಉಳಿಸಿದಾಕಿ ಎಂದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಹೇಳಲಿ, ಅವರ ಗಂಟೇನು ಹೋಗುತ್ತದೆ. ಆ ಉಳಿದ ಮಗಳು ನಾನೇ, ಗುರುದೇವಿ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಹೋದವರನ್ನು ನಾಲ್ಕು ಮಾತಿನಲ್ಲಿ ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ನನ್ನಿಂದ ಅದು ಆಗುತ್ತಿಲ್ಲ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಅವ್ವ ಕೊಡ್ಲಿಯಿಂದ ಮದುವೆಯಾಗಿ ವಾಡಿಗೆ ಬಂದವಳು. ನಮ್ಮಪ್ಪ ಕಲ್ಯಾಣಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಬಿಸಿಲಿರಲಿ ಮಳೆಯಿರಲಿ ಹಳಿ ನೋಡಿಕೊಂಡು ನಡೆಯುವ ಕೆಲಸ. ಹೊರಗೆ ಅಷ್ಟು ನಡೆದು ಬಂದವನಿಗೆ ಮನೆಯಲ್ಲಿ ಮಾತಾಡಲು ಉಸಿರು ಉಳಿಯುತ್ತಿರಲಿಲ್ಲ, ಹಾಗಾಗಿ ಮಾತೆಲ್ಲ ಅವ್ವನದು. ಆಕೆಗೆ ಅಕ್ಷರ ಬಾರದು. ಆದರೆ ನಳದ ಪಾಳಿಗೆ ಜಗಳಕ್ಕೆ ನಿಂತಳೆಂದರೆ ಸ್ಟೇಷನ್ ಮಾಸ್ತರರ ಮನೆಯವರೂ ಕೊಡ ಎತ್ತಿಕೊಂಡು ಹಿಂದೆ ಸರಿಯಬೇಕು. ಹೆಣ್ಣುಮಕ್ಕಳು ನಾವಿಬ್ಬರೇ. ಲಲಿತಕ್ಕ ನನಗಿಂತ ಐದು ವರ್ಷ ದೊಡ್ಡವಳು.

ಲಲಿತಕ್ಕನನ್ನು ಚಿಮ್ಮನಚೋಡದ ಸಂಗಣ್ಣನಿಗೆ ಕೊಟ್ಟವಳು ಅವ್ವನೇ. ಅರವತ್ಮೂರನೇ ಇಸವಿ. ಸಂಗಣ್ಣ ಮುಂಬಯಿಯಲ್ಲಿ ಒಂದು ಬಟ್ಟೆ ಮಿಲ್ಲಿನಲ್ಲಿದ್ದ. ಹೆಣ್ಣು ನೋಡಲು ಬಂದಾಗ, "ಮನಿ ಮುಂದೇ ಸಮುದ್ರ ಅದರಿ ಅತ್ತಿ" ಎಂದ. ಅಷ್ಟೇ ಸಾಕಾಯಿತು. ಅಪ್ಪ, "ಊರು ನೋಡಿಲ್ಲ, ಮನಿ ನೋಡಿಲ್ಲ" ಎಂದು ಗೊಣಗಿದ.

"ಸಮುದ್ರದ ಮುಂದ ಮನಿ ಅದ ಅಂದಮ್ಯಾಲ ಇನ್ನೇನು ನೋಡ್ತೀ? ನೀ ಸುಮ್ನ ಕುಂದ್ರು" ಎಂದು ಅವ್ವ ಅವನ ಬಾಯಿ ಮುಚ್ಚಿಸಿದಳು.

ನಮ್ಮ ಮನೆತನದಲ್ಲಿ ಯಾರೂ ಸಮುದ್ರ ಕಂಡವರಲ್ಲ. ನಮ್ಮ ಕಡೆ ನೀರೆಂದರೆ ಕಾಗಿಣಾ ಹೊಳೆ, ಬೇಸಿಗೆಯಲ್ಲಿ ಅದೂ ಮುಕ್ಕಾಲು ಮರಳು. ಅವ್ವನ ಪಾಲಿಗೆ ಬಾವಿಯೂ ಗಂಗವ್ವ, ಹೊಳೆಯೂ ಗಂಗವ್ವ. ಇನ್ನು ದಂಡೆಯೇ ಕಾಣದ ಸಮುದ್ರವೆಂದರೆ ಗಂಗವ್ವನ ತಾಯಿಯೇ ಇರಬೇಕು. ಅಂಥವಳ ಎದುರಿಗೇ ಮಗಳು ಸಂಸಾರ ಹೂಡುತ್ತಾಳೆಂಬ ಜಂಬ ಆಕೆಗೆ.

ಲಲಿತಕ್ಕ ನಾಲ್ಕನೇ ಇಯತ್ತೆ ಕಲಿತಿದ್ದಳು. ಕಾಗದ ತಾನೇ ಬರೆಯುತ್ತಿದ್ದಳು, ಇಲ್ಲಿ ನಾನು ಓದಿ ಹೇಳುತ್ತಿದ್ದೆ. ಊಟ ಆಯಿತು, ಆರಾಮ ಇದ್ದೇವೆ, ಅಪ್ಪನ ಮೊಣಕಾಲು ಹೇಗಿದೆ ಎನ್ನುವುದರ ನಡುವೆ ಒಂದು ಸಾಲು ತಪ್ಪದೆ ಇರುತ್ತಿತ್ತು: "ನಾವು ದಿನಾ ಸಮುದ್ರಕ್ಕೆ ಹೋಗುತ್ತೇವೆ. ನಸುಕಿನಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಹೋಗಿ ಬೆಳಕು ಹರಿಯುವುದರೊಳಗೆ ಬರುತ್ತೇವೆ." ಅದನ್ನು ಅವ್ವ ನನ್ನಿಂದ ಮೂರು ಸಲ ಓದಿಸುತ್ತಿದ್ದಳು. ಆಮೇಲೆ ಕೊಡ ಎತ್ತಿಕೊಂಡು, ನೀರು ಬೇಕಿರಲಿ ಬಿಡಲಿ, ನಳಕ್ಕೆ ಹೊರಟೇಬಿಡುತ್ತಿದ್ದಳು.

"ನಮ್ಮ ಲಲಿತಾ ದಿನಾ ಗಂಗವ್ವನ ದರ್ಶನ ಮಾಡ್ತಾಳವ್ವ, ಅದೂ ಸೂರ್ಯ ಹುಟ್ಟೂದ್ರಾಗ. ಪುಣ್ಯ ಮಾಡ್ಯಾಳ ನೋಡ್ರಿ."

ನಳದ ಹೆಂಗಸರು ಹೌದೌದು ಎನ್ನುತ್ತಿದ್ದರು. ಏನನ್ನಬೇಕು ಮತ್ತೆ, ಅವರೂ ಸಮುದ್ರ ಕಂಡವರಲ್ಲ.

ಅರವತ್ತೊಂಬತ್ತರ ಮಳೆಗಾಲದಲ್ಲಿ ಸಂಗಣ್ಣನ ಕಾಗದ ಬಂತು. ಅವನ ತಮ್ಮನಿಗೂ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ, ಗುರುದೇವಿಯನ್ನು ಅವನಿಗೆ ಕೊಡಿರಿ, ಅಕ್ಕತಂಗಿ ಒಂದೇ ಮನೆಯಲ್ಲಿರುತ್ತಾರೆ, ದೀಪಾವಳಿ ಮುಗಿದ ಕೂಡಲೇ ನಿಶ್ಚಯ ಮಾಡೋಣ ಎಂದು. ನನಗಾಗ ಹದಿನೇಳು. ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಯಿತು. ವಾಡಿಯ ಕಲ್ಲು, ಧೂಳು, ಇಂಜಿನ್ನಿನ ಹೊಗೆ ಬಿಟ್ಟು ಅಕ್ಕನ ಕೈ ಹಿಡಿದು ನಸುಕಿನಲ್ಲಿ ಸಮುದ್ರದ ಗಾಳಿಗೆ ಹೋಗುವ ನನ್ನನ್ನೇ ನಾನು ಕಲ್ಪಿಸಿಕೊಂಡು ಒಳಗೊಳಗೇ ನಗುತ್ತಿದ್ದೆ.

ಅವ್ವ ಹೂಂ ಎಂದು ಕಾಗದ ಬರೆಸುವವಳೇ ಇದ್ದಳು. ಅಷ್ಟರಲ್ಲಿ ಕಾರವಾರ ಬಾಬು ಅಡ್ಡ ಬಂದ. ಆತ ಗೂಡ್ಸ್ ಆಫೀಸಿನ ಗುಮಾಸ್ತ, ಕಾರವಾರದ ಕಡೆಯವನೆಂದು ಎಲ್ಲರೂ ಹಾಗೇ ಕರೆಯುತ್ತಿದ್ದರು. ಒಂದು ಸಂಜೆ ಅವ್ವ ಅವನ ಮನೆಗೆ ಹೋಳಿಗೆ ಕೊಡಲು ಹೋದಳು, ಜೊತೆಗೆ ನಾನೂ.

"ಬಾಬೂ, ನಮ್ಮ ಸಣ್ಣ ಮಗಳೂ ನಿಮ್ಮಂಗ ಸಮುದ್ರದ ದಂಡೀಗೇ ಹೊಂಟಾಳ ನೋಡ್ರಿ. ನಮ್ಮ ಲಲಿತಾ ಅಂತೂ ದಿನಾ ತಪ್ಪಂಗಿಲ್ಲ, ಸಮುದ್ರಕ್ಕ ಹೋಗೇ ಹೋಗ್ತಾಳ" ಎಂದಳು.

ಕಾರವಾರ ಬಾಬು ಹೋಳಿಗೆ ಮುರಿಯುತ್ತಿದ್ದವನು ನಕ್ಕುಬಿಟ್ಟ. "ದಿನಾ ಯಾರು ಹೋಗ್ತಾರೆ ಗುರುಲಿಂಗಮ್ಮ? ನಮ್ಮ ಮನೆ ಹಿಂದೆಯೇ ಸಮುದ್ರ. ರಾತ್ರಿ ಮಲಗಿದರೆ ಕಿವಿಯಲ್ಲೇ ಸದ್ದು. ಆದರೂ ನಾವು ಹೋಗ್ತಿದ್ದದ್ದು ವರ್ಷಕ್ಕೆ ಎರಡು ಸಲ, ಮೂರು ಸಲ. ನೆಂಟರು ಬಂದರೆ ತೋರಿಸಲಿಕ್ಕೆ. ಮೀನು ಹಿಡಿಯುವವರು ಬಿಡಿ, ಅವರಿಗೆ ಅದು ಹೊಟ್ಟೆಪಾಡು. ನೀವು ವಾಡಿಯಲ್ಲಿದ್ದೀರಿ, ದಿನಾ ಸ್ಟೇಷನ್ನಿಗೆ ಹೋಗಿ ರೈಲು ನೋಡ್ತೀರಾ?"

ಅವ್ವನೂ ನಕ್ಕಳು. ಮನೆಗೆ ಬಂದವಳೇ, "ದೇವಿ, ಲಲಿತಾನ ಕಾಗದ ತಗಿ, ಓದು" ಎಂದಳು. ಓದಿದೆ. ಇನ್ನೊಂದು ತೆಗೆಸಿದಳು. ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನೆಲ್ಲ ಓದಿಸಿದಳು. ಎಲ್ಲದರಲ್ಲೂ ಅದೇ ಸಾಲು.

"ಅಂವ ಸಮುದ್ರದ ಬಾಜೂನೇ ಹುಟ್ಟಿ ಬೆಳದಾಂವ, ಅಂವ ಯಾಕ ಸುಳ್ಳು ಹೇಳ್ತಾನ? ಹಂಗಾರ ಇಕಿ ದಿನಾ ಹ್ಯಾಂಗ ಹೋಗ್ತಾಳ? ಇಕೀನೇ ಬರೀತಾಳೋ, ಯಾರರ ಬಾಜೂಕ ಕುಂತು ಬರಿಸ್ತಾರೋ? ನನ್ನ ಮಗಳು ಅಲ್ಲಿ ನಗಾಕತ್ತಾಳೋ ಅಳಾಕತ್ತಾಳೋ? ನಾ ಕಣ್ಣಾರೆ ನೋಡದೆ ನಿನ್ನ ಕೊಡಂಗಿಲ್ಲ ಬಿಡು."

ಅಪ್ಪನಿಗೆ ರಜೆ ಸಿಗಲಿಲ್ಲ. "ಒಬ್ಬಾಕೀನೇ ಹ್ಯಾಂಗ ಹೋಗ್ತೀ?" ಎಂದ. "ರೇಲ್ವೆ ಪಾಸ್ ಅದ, ಬಾಯಾಗ ನಾಲಿಗಿ ಅದ, ಮತ್ತೇನು ಬೇಕು?" ಎಂದಳು. ಸಂಗಣ್ಣನಿಗೆ ಕಾರ್ಡು ಹಾಕಿಸಿ ಮುಂಬಯಿ ಮೇಲ್ ಗಾಡಿಯ ಹೆಂಗಸರ ಡಬ್ಬಿ ಹತ್ತಿದಳು. ಗಂಗವ್ವನಿಗೆ ಉಡಿ ತುಂಬಲೆಂದು ಹಸಿರು ಖಣ, ಅಕ್ಕಿ, ಉತ್ತತ್ತಿ, ಅಡಿಕೆ, ಕೊಬ್ಬರಿ ಬಟ್ಟಲು ಕಟ್ಟಿಕೊಂಡಿದ್ದಳು.

ಐದನೇ ದಿನ ತಿರುಗಿ ಬಂದಳು. ನಾನು ಬಾಗಿಲಿಗೇ ಓಡಿದೆ. ಕೈಕಾಲು ತೊಳೆಯುವ ಮೊದಲೇ, "ನಿನ್ನ ಅಲ್ಲಿ ಕೊಡಂಗಿಲ್ಲ" ಎಂದಳು. ಯಾಕವ್ವ ಎಂದೆ. "ಯಾಕ ಅಂತ ಕೇಳಬ್ಯಾಡ" ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿ ಏನಾಯಿತೆಂಬುದನ್ನು ಮುಂದೆ ವರ್ಷಗಟ್ಟಲೆ ಚೂರು ಚೂರಾಗಿ ಹೇಳಿದಳು, ಅಕ್ಕಿ ಆರಿಸುವಾಗ, ನನ್ನ ಬಾಣಂತನ ಮಾಡುವಾಗ, ಸುಮ್ಮನೆ ಕೂತಿದ್ದಾಗ. ನಾನು ಅದನ್ನು ಒಂದೆಡೆ ಕೂಡಿಸಿ ಹೇಳುತ್ತಿದ್ದೇನೆ.

ಸಂಗಣ್ಣ ಸುಳ್ಳು ಹೇಳಿರಲಿಲ್ಲ. ಮನೆಯ ಮುಂದೆ ಇಪ್ಪತ್ತು ಹೆಜ್ಜೆಗೆ ಸಮುದ್ರವಿತ್ತು. ಮನೆಯೇ ಇರಲಿಲ್ಲ. ತಗಡು, ಗೋಣಿತಟ್ಟು, ತಾಡಪತ್ರಿ ಸೇರಿಸಿ ಕಟ್ಟಿದ ಗುಡಿಸಲು, ಅಂಥವು ನೂರಾರು, ಒಂದಕ್ಕೊಂದು ಅಂಟಿಕೊಂಡು. ಅವ್ವ ಮುಟ್ಟಿದ್ದು ಸಂಜೆಯ ಹೊತ್ತು. ಲಲಿತಕ್ಕ ಸೊರಗಿ ಕಡ್ಡಿಯಾಗಿದ್ದಳು. ಆದರೂ ಅವ್ವನಿಗೆ ಜೋಳದ ರೊಟ್ಟಿ ಬಡಿದು ಬಡಿಸಿದಳು, ತಾನು ಮಾತ್ರ ಅರ್ಧ ರೊಟ್ಟಿ ತಿಂದು ಎದ್ದಳು.

"ಯಾಕ, ಉಣ್ಣವಲ್ಲಿ?" ಎಂದು ಅವ್ವ ಕೇಳಿದರೆ, "ಭಾಳ ಉಂಡ್ರ ತ್ರಾಸಾಗ್ತದ" ಎಂದಳಂತೆ. ಅವ್ವನಿಗೆ ಅದು ಆಗ ತಿಳಿಯಲಿಲ್ಲ.

ನಸುಕಿನಲ್ಲಿ ಅವ್ವನೇ ಮೊದಲು ಎದ್ದಳು. ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಉಡಿಯ ಸಾಮಾನು ಸೆರಗಿನಲ್ಲಿ ಹಿಡಿದು ನಿಂತಳು. ಲಲಿತಕ್ಕ ಅದನ್ನು ನೋಡಿ, "ಅವ್ವ, ಅದನ್ನ ಇಲ್ಲೇ ಇಡು" ಎಂದಳು. ಈಕೆ ಕೇಳಲಿಲ್ಲ, ಯಾರ ಮಾತು ಕೇಳಿದವಳು! ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹೊರಬಿದ್ದರು. ಎಲ್ಲರ ಕೈಯಲ್ಲೂ ತಗಡಿನ ಡಬ್ಬಿ. ಅವ್ವ ನಾಲ್ಕು ಹೆಜ್ಜೆ ನಡೆದಳೋ ಇಲ್ಲವೋ, ಕಾಲಿಡಲು ಜಾಗವಿರಲಿಲ್ಲ. ಮೊಬ್ಬಿನಲ್ಲಿ ಕಲ್ಲುಗಳ ಮೇಲೆ ಹೆಂಗಸರು ಸಾಲಾಗಿ, ಸೆರಗು ಮುಖಕ್ಕೆ ಎಳೆದುಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಸ್ವಲ್ಪ ದೂರದಲ್ಲಿ ನಾಲ್ಕೈದು ಬೀಡಿಯ ಕಿಡಿ ಕಾಣುತ್ತಿತ್ತು, ಗಂಡಸರ ನಗು ಕೇಳುತ್ತಿತ್ತು.

"ಅವ್ವ, ಸ್ವಲ್ಪ ಸೆರಗು ಅಡ್ಡ ಹಿಡಿ" ಎಂದಳು ಲಲಿತಕ್ಕ.

ಗಂಗವ್ವನಿಗೆ ಉಡಿ ತುಂಬಲು ಹೋದವಳು ಮಗಳಿಗೆ ಸೆರಗು ಮರೆಮಾಡಿ ನಿಂತಳು. ನಾವು ಕ್ವಾರ್ಟರ್ಸಿನಲ್ಲಿ ಹುಟ್ಟಿದವರು, ಮನೆಯ ಹಿಂದೆಯೇ ಪಾಯಖಾನೆ ಇದ್ದವರು. ಅವ್ವನಂತೂ ಕೊಡ್ಲಿಯಲ್ಲಿ ಚೆಂಬು ಹಿಡಿದು ಹೊಲಕ್ಕೆ ಹೋಗಿ ಬೆಳೆದವಳೇ; ಆದರೆ ಅಲ್ಲಿ ಜಾಲಿಯ ಮರೆಯಾದರೂ ಇತ್ತು, ಹಿಂದೆ ಬಂದು ನಗುವ ಗಂಡಸರಿರಲಿಲ್ಲ.

ಗುಡಿಸಲಿಗೆ ಬಂದ ಮೇಲೆ ಅವ್ವ ಬೈದಳಂತೆ. "ಆರು ವರ್ಷ ನನ್ನ ಕಣ್ಣಿಗೆ ಮಣ್ಣು ಹಾಕಿದೆಲ್ಲ ತಾಯಿ!"

"ನಾ ಏನು ಸುಳ್ಳು ಬರದೀನಿ? ದಿನಾ ಹೋಗ್ತೀನಿ ಅಂತ ಬರದೆ, ಖರೇನೇ ದಿನಾ ಹೋಗ್ತೀನಿ. ಯಾಕ ಹೋಗ್ತೀನಿ ಅನ್ನೂದು ಕಾಗದದಾಗ ಹ್ಯಾಂಗ ಬರೀಲವ್ವ? ದೇವಿ ಓದ್ತಾಳ, ಅಪ್ಪ ಕೇಳ್ತಾನ. ಒಮ್ಮೆ ನಸುಕಿನ್ಯಾಗ ಹೋದರ ಮತ್ತ ಕತ್ತಲಾಗೂ ತನಕ ತಡಕೋಬೇಕು. ಅದಕ್ಕ ಉಣ್ಣಾಕೂ ಅಂಜಿಕಿ, ನೀರು ಕುಡಿಯಾಕೂ ಅಂಜಿಕಿ. ಬಾಜೂ ಮನ್ಯಾಕಿ ಒಮ್ಮೆ ಒಬ್ಬಾಕೀನೇ ಹೋಗಿ ಅಳ್ಕೋತ ಬಂದಳು, ಗಂಡ ಊರಿಗಿ ಕಳಿಸಿಬಿಟ್ಟ. ಈಗ ಜೋಡಿ ಇಲ್ಲಂದ್ರ ನಾ ಹೋಗಂಗೇ ಇಲ್ಲ, ಹೊಟ್ಟಿ ಹಿಡಕೊಂಡು ಕೂಡ್ತೀನಿ." ಅಕ್ಕ ಮತ್ತೆ ಹೇಳಿದಳು: "ದೇವೀನ್ನ ಇಲ್ಲಿ ಕೊಡವ್ವ. ನನಗ ಜೋಡಿ ಆಗ್ತಾಳ."

"ನೀ ಅಕ್ಕನೋ ವೈರಿಯೋ?" ಎಂದಳು ಅವ್ವ. "ನನ್ನ ಜೀವ ಹೋದ್ರೂ ಆಕೀನ್ನ ಇಲ್ಲಿ ಕೊಡಂಗಿಲ್ಲ."

"ಹಂಗಾರ ನನ್ನ ಕರಕೊಂಡು ಹೋಗು. ಒಂದೆರಡು ತಿಂಗಳು."

"ನೋಡಮು" ಎಂದಳಂತೆ ಅವ್ವ.

ಸಂಗಣ್ಣ ಕೆಟ್ಟವನಲ್ಲ. ಹೊಡೆಯುವವನಲ್ಲ, ಕುಡಿಯುವವನಲ್ಲ. "ಚಾಳಿನ್ಯಾಗ ಖೋಲಿಗೆ ನಂಬರ್ ಹಚ್ಚೀನತ್ತಿ, ಬರ್ತದ" ಎಂದು ಕೈಮುಗಿದ. ಅಂಥ ಗಂಡನನ್ನು ಬಿಡಿಸಿ ಮಗಳನ್ನು ಕರೆತಂದರೆ ಮಂದಿ ಕಾರಣ ಕೇಳುತ್ತಾರೆ. ಪಾಯಖಾನೆ ಇಲ್ಲವೆಂದು ಮಗಳನ್ನು ಕರೆದುಕೊಂಡು ಬಂದೆ ಎಂದು ನಳದ ಮುಂದೆ ನಿಂತು ಹೇಳಲು ಸಾಧ್ಯವೇ? ಊರೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಅವ್ವ ಇದನ್ನೇ ನನಗೆ ಹತ್ತು ಸಲ ಹೇಳಿದ್ದಾಳೆ, ಹತ್ತೂ ಸಲ ನಾನು ಹೂಂ ಎಂದಿದ್ದೇನೆ.

ಹೊರಡುವ ದಿನ ಅವ್ವ ಆ ಹಸಿರು ಖಣ, ಅಕ್ಕಿ, ಉತ್ತತ್ತಿ ಎಲ್ಲ ತೆಗೆದು ಲಲಿತಕ್ಕನ ಉಡಿಗೆ ಹಾಕಿದಳು. ನಮ್ಮ ಕಡೆ ತವರಿನಿಂದ ಗಂಡನ ಮನೆಗೆ ಹೊರಟ ಮಗಳಿಗೆ ಹೀಗೆ ಉಡಿ ತುಂಬಿ ಕಳಿಸುತ್ತಾರೆ. ಇಲ್ಲಿ ಹೊರಟವಳು ತಾಯಿ. ಲಲಿತಕ್ಕ ಉಡಿ ನೋಡಿದಳು, ತಾಯಿಯ ಮುಖ ನೋಡಿದಳು, ಬಗ್ಗಿ ಕಾಲು ಮುಟ್ಟಿದಳು. ತನ್ನನ್ನು ಕರೆದುಕೊಂಡು ಹೋಗು ಎಂದು ಮತ್ತೆ ಕೇಳಲಿಲ್ಲ.

ಎರಡು ವರ್ಷದ ಮೇಲೆ ನನ್ನನ್ನು ಶಹಾಬಾದಕ್ಕೆ ಕೊಟ್ಟರು. ಫ್ಯಾಕ್ಟರಿಯ ಕ್ವಾರ್ಟರ್ಸು, ಮನೆಯೊಳಗೇ ನಳ, ಎಲ್ಲ ಅನುಕೂಲ. ಕಾಗದದ ಒಂದು ಸಾಲಿನಿಂದ ಮೋಸ ಹಿಡಿದು ಸಣ್ಣ ಮಗಳನ್ನು ಹೇಗೆ ಉಳಿಸಿದೆ ಎಂದು ಅವ್ವ ನಳದ ಹತ್ತಿರ ಬಣ್ಣ ಕಟ್ಟಿ ಹೇಳುತ್ತಿದ್ದಳು, ಆ ಮೋಸ ಏನೆಂದು ಮಾತ್ರ ಬಾಯಿಬಿಡುತ್ತಿರಲಿಲ್ಲ. ದೊಡ್ಡ ಮಗಳ ಸುದ್ದಿ ಕೇಳಿದರೆ, "ಆರಾಮ ಅದಾಳ" ಎಂದು ಕೊಡ ಎತ್ತುತ್ತಿದ್ದಳು. ಲಲಿತಕ್ಕನ ಕಾಗದ ಬರುವುದು ನಿಲ್ಲಲಿಲ್ಲ, ಆದರೆ ಸಮುದ್ರದ ಸಾಲು ನಿಂತಿತು. ಅಲ್ಲಿಂದ ಬಂದ ಮೇಲೆ ಅವ್ವ ದಿನಾ ನಸುಕಿಗೆ ಎದ್ದು, ಬೆಳಕು ಹರಿಯುವ ತನಕ ಹೊರಸಿನ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಯಾಕವ್ವ ಎಂದರೆ, "ಇವತ್ತ ಜೋಡಿ ಸಿಕ್ಕಿತೋ ಇಲ್ಲೋ" ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಅಷ್ಟು ಸಂಕಟವಿದ್ದರೆ ಹೋಗಿ ಕರೆದುಕೊಂಡು ಬರಬೇಕಿತ್ತು, ಯಾರು ಹಿಡಿದಿದ್ದರು? ಹಾಗೆಂದು ನಾನೂ ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ. ನಾನು ಪಾರಾಗಿದ್ದೆನಲ್ಲ, ನನಗೇನು ಬಾಧೆ?

ಲಲಿತಕ್ಕನಿಗೆ ಪಾಯಖಾನೆ ಇದ್ದ ಖೋಲಿ ಸಿಕ್ಕಿದ್ದು ಎಪ್ಪತ್ತೆಂಟರಲ್ಲಿ, ಮದುವೆಯಾದ ಹದಿನೈದನೇ ವರ್ಷಕ್ಕೆ. ಅಷ್ಟರಲ್ಲಿ ಮೂತ್ರದ ಬೇನೆ ಆಕೆಯ ಮೈಯಲ್ಲಿ ಮನೆ ಮಾಡಿತ್ತು, ಈಗಲೂ ಬಿಟ್ಟಿಲ್ಲ.

ಅವ್ವ ತೀರಿಕೊಂಡಾಗ ಬಂದಿದ್ದಳು. ಮಣ್ಣಾದ ಮೂರನೇ ದಿನ, ಮಂದಿ ಕರಗಿದ ಮೇಲೆ, ಅಡಿಗೆಮನೆಯಲ್ಲಿ ಇಬ್ಬರೇ ಕೂತಿದ್ದೆವು. ಇಷ್ಟು ವರ್ಷ ಒಳಗೆ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

"ಅಕ್ಕ, ನಾ ನಿನಗ ಜೋಡಿ ಆಗ್ಲಿಲ್ಲ ಅಂತ ನನ್ನ ಮ್ಯಾಲ ಸಿಟ್ಟದ ಏನು?"

"ಹುಚ್ಚಿ" ಎಂದಳು ಲಲಿತಕ್ಕ. "ನೀ ಅಲ್ಲಿ ಬರಬೇಕಂತ ನಾ ಎಂದೂ ಅಂದಕೊಂಡಿಲ್ಲ. ಬಾಯಿಲೆ ಕೇಳಿದೆ ಅಷ್ಟೇ. ಅವ್ವ ನಿನ್ನ ಕೊಡಂಗಿಲ್ಲ ಅಂತಾಳ ಅನ್ನೂದು ಗೊತ್ತೇ ಇತ್ತು. ನಿನಗ ಬ್ಯಾಡಾದ ಜಾಗ ನನಗೂ ಬ್ಯಾಡ ಅಂತ ಆಕಿಗೆ ಅನಿಸ್ತದ, ನನ್ನ ಎಬ್ಬಿಸಿಕೊಂಡು ಬರ್ತಾಳ ಅಂತ ತಿಳದಿದ್ದೆ."