ವ್ಯಾನಿನೊಳಗೆ ಉರಿದ ಬಲ್ಬು

ಕಳೆದ ವಾರ ಮಂಗಳೂರಿನ ಇಲೆಕ್ಟ್ರಿಕಲ್ ಅಂಗಡಿಗಳನ್ನೆಲ್ಲ ಸುತ್ತಿದೆ. ಕೇಳಿದ್ದು ಒಂದೇ ವಸ್ತು: ಬಿಸಿಯಾಗುವ ಬಲ್ಬು.

"ಹಳೆ ಬಲ್ಬಾ? ಅದು ಈಗ ಬರುವುದಿಲ್ಲ ಮೇಡಂ. ಎಲ್‌ಇಡಿ ಕೊಡ್ಲಾ?"

ನಮ್ಮೂರಿನವರಿಗೆ ಕಾರಣ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಇಲ್ಲಿ ಮಳೆ ಹಿಡಿಯಿತೆಂದರೆ ಬಟ್ಟೆಯ ಕಪಾಟಿನೊಳಗೆ ಒಂದು ಬಲ್ಬು ಉರಿಸಿಡುತ್ತೇವೆ. ಅದರ ಬಿಸಿಗೆ ಸೀರೆಗಳಿಗೆ ಬೂಸ್ಟು ಹಿಡಿಯುವುದಿಲ್ಲ. (ನನ್ನ ಮದುವೆ ಸೀರೆ ಇನ್ನೂ ಬದುಕಿರುವುದು ಹಾಗೆ.)

ಆದರೆ ಈ ಸಲ ಬಲ್ಬು ಬೇಕಾಗಿದ್ದದ್ದು ಕಪಾಟಿಗಲ್ಲ. ವ್ಯಾನಿಗೆ.

ವಾಮಂಜೂರಿನಲ್ಲಿರುವ ನನ್ನ ಅಕ್ಕನ ಗಂಡ, ನಮ್ಮ ಭಾವ, ಗಲ್ಫಿನಲ್ಲಿ ಟ್ರೇಲರ್ ಓಡಿಸಿ ವಾಪಸು ಬಂದವರು. ಬಂದವರು ಸುಮ್ಮನೆ ಕೂತರೇ? ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ತಂದು, ಸೀಟು ಕಿತ್ತು, ಪ್ಲೈವುಡ್ ಮಂಚ, ಪುಟ್ಟ ಅಡುಗೆ ಕಟ್ಟೆ, ಹೂವಿನ ಕರ್ಟನ್ ಎಲ್ಲ ಕೂರಿಸಿದರು. ಕ್ಯಾಂಪರ್ ವ್ಯಾನ್ ರೆಡಿ.

"ಅಷ್ಟು ವರ್ಷ ಒಬ್ಬನೇ ಓಡಿಸಿದ್ದು ಸಾಕು. ಮಳೆ ಬಿಟ್ಟ ಕೂಡಲೇ ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗ್ಲಿಕ್ಕುಂಟು" ಎನ್ನುತ್ತಿದ್ದರು.

ಮಳೆ ಬರುವ ಮೊದಲೇ ಭಾವ ಹೋದರು. ಎದೆನೋವು ಎಂದವರು ಆಸ್ಪತ್ರೆ ತಲುಪಲಿಲ್ಲ.

ವ್ಯಾನ್ ಮಾರಿಬಿಡು ಎಂದರು ಕೆಲವರು. ಅಕ್ಕ ಕೇಳಲಿಲ್ಲ. ಉತ್ತರಕ್ರಿಯೆ ಮುಗಿದದ್ದೇ ತಾರ್ಪಾಲು ಹೊದೆಸಿ ಹಗ್ಗ ಬಿಗಿಸಿದಳು. ಕಿಟಕಿ ಸಂದಿಗಳಿಗೆ ಟೇಪು, ಇಲಿ ನುಗ್ಗುವ ತೂತುಗಳಿಗೆ ತಂತಿ ಬಲೆ, ಮೂಲೆಗಳಲ್ಲಿ ನುಸಿಗುಳಿಗೆ. ಒಳಗಿನ ಹಾಸಿಗೆಯನ್ನು ಮಾತ್ರ ಮುಟ್ಟಲಿಲ್ಲ. ಮಂಚ ಗಟ್ಟಿ ಉಂಟಾ ಎಂದು ಭಾವ ದಿನಾ ಮಧ್ಯಾಹ್ನ ಅದರ ಮೇಲೆ ಮಲಗಿ ನೋಡುತ್ತಿದ್ದರಂತೆ.

"ದಿಂಬಿನಲ್ಲಿ ಅವರ ತಲೆಯೆಣ್ಣೆಯ ವಾಸನೆ ಉಂಟು. ಅದೊಂದು ಹೋಗಬಾರದು" ಎಂದಳು.

ಕೊನೆಗೆ ಮನೆಯಿಂದ ವಯರ್ ಎಳೆದು ಒಳಗೊಂದು ಬಲ್ಬು ಉರಿಸಿದಳು. ಮುಂದಿನ ಗಾಜಿಗೆ ತಾರ್ಪಾಲು ಹಾಕಲಿಲ್ಲ. ಬಲ್ಬು ಉರಿಯುವುದು ಅಡುಗೆಮನೆಗೆ ಕಾಣಬೇಕಲ್ಲ?

ಮಳೆ ಜೋರಾಗಿದ್ದಾಗ ಆ ಬಲ್ಬು ಹೋಯಿತು. ಅಕ್ಕ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು, ಬಾಗಿಲ ಸಂದಿಯಿಂದ ಕೈ ಮಾತ್ರ ತೂರಿಸಿ ಹಾಕಿದಳು. ಬೆಳ್ಳಗಿನ, ಕಣ್ಣು ಕುಕ್ಕುವ ಬೆಳಕು. "ಇದು ಮೊದಲಿನದ್ದಕ್ಕಿಂತ ಒಳ್ಳೆಯದುಂಟು, ಕರೆಂಟೂ ಕಮ್ಮಿಯಂತೆ" ಎಂದು ಫೋನಿನಲ್ಲಿ ಹೇಳಿದಳು. ಕೊಡಿಯಾಲ್‌ಬೈಲಿನ ಫ್ಲ್ಯಾಟಿನಲ್ಲಿ ಕೂತು ನಾನೂ ಹ್ಞೂಂ ಎಂದೆ.

ಅಕ್ಕನ ಮನೆ ಮುಂದಿನ ದಾರಿಯಲ್ಲಿ ಹೋಗುವ ನೆಂಟರಿಗೆಲ್ಲ ಆ ಬೆಳಕು ಕಾಣುತ್ತಿತ್ತು. ಬೆಳಕಿದೆ ಅಂದರೆ ಅಕ್ಕ ಹುಷಾರಿದ್ದಾಳೆ. ವಾಟ್ಸಾಪ್‌ನಲ್ಲಿ ಒಂದು 'ಟೇಕ್ ಕೇರ್' ಹಾಕಿದರೆ ಆಯಿತು. (ಆ ಮಳೆಯಲ್ಲಿ ಕಾರಿನಿಂದ ಯಾರು ಇಳಿಯುತ್ತಾರೆ, ಹೇಳಿ?)

ನವರಾತ್ರಿ ಕಳೆದು ಬಿಸಿಲು ಬಂತು. ಅಕ್ಕ ಫೋನ್ ಮಾಡಿದಳು. "ಒಬ್ಬಳೇ ತೆಗೀಲಿಕ್ಕೆ ಧೈರ್ಯ ಇಲ್ಲ ಮಾರಾಯ್ತಿ. ನೀನು ಬಾ."

ಹೋದೆ. ಹಗ್ಗ ಬಿಚ್ಚಿ, ತಾರ್ಪಾಲು ಎಳೆದು, ಬಾಗಿಲು ತೆಗೆದೆವು. ಬಲ್ಬು ಇನ್ನೂ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಎಲ್ಲವೂ ಚೆನ್ನಾಗಿ ಕಂಡಿತು. ಹಾಸಿಗೆಯ ಮೇಲೆ ಹಸಿರು ಬೂಸ್ಟು. ಕರ್ಟನ್ ತುಂಬ ಕಪ್ಪು ಚುಕ್ಕೆ. ಮಂಚದ ಪ್ಲೈವುಡ್ ಉಬ್ಬಿ ಪದರ ಬಿಟ್ಟಿತ್ತು. ಇಲಿ ಬಂದಿರಲಿಲ್ಲ. ಹೊರಗಿನ ನೀರು ಒಂದು ಹನಿಯೂ ಇಳಿದಿರಲಿಲ್ಲ. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ, ಅಷ್ಟೆ.

ಅಕ್ಕ ದಿಂಬನ್ನೆತ್ತಿ ಮೂಗಿಗೆ ಹಿಡಿದಳು. ತುಂಬ ಹೊತ್ತು ಹಿಡಿದೇ ಇದ್ದಳು. ಮತ್ತೆ ಅದನ್ನು ಕೆಳಗಿಟ್ಟು ಬಲ್ಬಿಗೆ ಕೈ ಚಾಚಿದಳು.

"ಮುಟ್ಟಬೇಡ, ಸುಡ್ತದೆ" ಎಂದೆ.

"ಇಲ್ಲ. ಎಂತ ಬಿಸಿಯೂ ಇಲ್ಲ ಇದಕ್ಕೆ."

ಆಮೇಲೆ ಅತ್ತಳು. ಉತ್ತರಕ್ರಿಯೆಯ ದಿನವೂ ಅಳದೆ ಎಲ್ಲರಿಗೂ ಬಡಿಸಿದ್ದವಳು. ಜೊತೆಗೆ ಕೂತು ನಾನೂ ಅತ್ತೆ.

ಹಾಸಿಗೆಯನ್ನು ಸುಟ್ಟೆವು. ದಿಂಬನ್ನು ಅಕ್ಕ ಕೊಡಲಿಲ್ಲ. ದಿನಾ ಬಿಸಿಲಿಗಿಡುತ್ತಾಳೆ. ವ್ಯಾನಿನ ಕಿಟಕಿಗಳೆಲ್ಲ ಈಗ ತೆರೆದಿವೆ.

ಕದ್ರಿಯ ಹಳೆಯ ಅಂಗಡಿಯೊಂದರಲ್ಲಿ ಕೊನೆಗೂ ಹಳೆ ಬಲ್ಬು ಸಿಕ್ಕಿತು. ಮುಂದಿನ ಮಳೆಗಾಲಕ್ಕೆ ಇರಲಿ ಎಂದು ನಾನೇ ಹೋಗಿ ಕೊಟ್ಟೆ. ಅಕ್ಕ ಅದನ್ನು ಸೆರಗಿನಲ್ಲಿ ಒರೆಸುತ್ತಾ ಹೇಳಿದಳು:

"ಬೆಳಕು ಕಂಡರೆ ಸಾಕು ಅಂತ ಎಣಿಸಿಬಿಟ್ಟೆ. ನೀವೆಲ್ಲ ಕೂಡ ಹಾಗೇ ಎಣಿಸಿದ್ದಲ್ವಾ?"