ಕೈಗೆ ಕಟ್ಟಿದ ಮಲ್ಲಿಗೆ

ನನ್ನ ಫೋನಿನಲ್ಲಿ ಸಾಮಾಜಿಕ ಜಾಲತಾಣದ ಖಾತೆ ತೆರೆದುಕೊಟ್ಟವಳು ಸೊಸೆ. ನಿಮಗೇನು ಇಷ್ಟ ಎಂದು ಅದು ಕೇಳಿತು. ಅಡುಗೆ, ಹೂಗಿಡ, ಹಳೆಯ ಹಾಡು ಎಂದು ಒತ್ತಿದೆ. ಅಂದಿನಿಂದ ‘ಇವರು ನಿಮಗೆ ಗೊತ್ತಿರಬಹುದು’ ಎಂದು ದಿನಾ ಮುಖಗಳನ್ನು ತೋರಿಸತೊಡಗಿತು. ನಾದಿನಿಯ ಬೀಗರು, ಯಾವ ಕಾಲದಲ್ಲೋ ವೈಯಾಲಿಕಾವಲಿನಲ್ಲಿ ಬಾಡಿಗೆಗಿದ್ದವರು, ಯಾರ್ಯಾರೋ. ಮಲ್ಲೇಶ್ವರದ ನಮ್ಮ ಪಕ್ಕದ ಕ್ರಾಸಿನಲ್ಲೇ ಇರುವ ಗೆಳತಿಯನ್ನು ಮಾತ್ರ ಒಮ್ಮೆಯೂ ತೋರಿಸಲಿಲ್ಲ. ಹುಡುಕಿ ನೋಡಿದರೆ ಅವಳೂ ಅಲ್ಲೇ ಇದ್ದಾಳೆ, ಕ್ರಿಕೆಟ್ಟು, ಷೇರು ಪೇಟೆ ಎನ್ನುತ್ತ. ನಮ್ಮಿಬ್ಬರ ನಡುವೆ ಏನೂ ಹೊಂದಿಕೆಯಿಲ್ಲ ಎಂದು ಫೋನಿನ ತೀರ್ಮಾನ. ಅದೂ ನಿಜವೇ. ನನ್ನ ಹಾಡು ಕೇಳಿದರೆ ಅವಳಿಗೆ ನಿದ್ದೆ, ಅವಳ ಕ್ರಿಕೆಟ್ಟು ಕಂಡರೆ ನನಗೆ ತಲೆನೋವು. ಆದರೂ ಶಾಲೆಯ ಕಾಲದಿಂದ, ಜಗಳಕ್ಕಾದರೂ ದಿನಾ ಸಿಗಲೇಬೇಕು.

ಈ ವರ್ಷ ಅವಳಿಗೆ ಕ್ಯಾನ್ಸರ್ ಎಂದಾಯಿತು. ಗಂಡನನ್ನು ಬಿಟ್ಟರೆ ನನಗೊಬ್ಬಳಿಗೇ ಹೇಳಿದಳು.

“ನನ್ನಾಣೆ ಕಣೇ, ಯಾರ್ಗೂ ಹೇಳ್ಬೇಡ. ಒಬ್ಬೊಬ್ರೂ ಬಂದು ಪಾಪ ಪಾಪ ಅಂತ ಮುಖ ನೋಡೋದು ನಂಗಾಗಲ್ಲ.”

ಚಿಕಿತ್ಸೆಗೆ ಕೂದಲು ಪೂರ್ತಿ ಉದುರಿತು. ತಲೆಗೆ ಸೆರಗು ಹೊದ್ದು ಮನೆಯೊಳಗೇ ಉಳಿದಳು. ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ನಮ್ಮ ಮನೆಗೂ ಬರುವುದಿಲ್ಲ ಎಂದುಬಿಟ್ಟಳು. ಕುಂಕುಮದ ಜೊತೆ ಹೂ ಕೊಡುತ್ತಾರೆ, ಕೊಟ್ಟವರ ಎದುರಿಗೇ ಮುಡಿಯಬೇಕು. ಅವಳು ಎಲ್ಲಿಗೆ ಮುಡಿಯುವುದು?

ನಾನು ಮಾಡಿದ್ದು ಇಷ್ಟೆ. ಅವಳಿಗೆಂದು ಮೆತ್ತನೆಯ ಹತ್ತಿ ಟೋಪಿ ಎಲ್ಲಿ ಸಿಗುತ್ತದೆ, ಬಾಯಿ ಹುಣ್ಣಾದವರು ಏನು ತಿನ್ನಬಹುದು ಎಂದು ಫೋನಿನಲ್ಲಿ ಹುಡುಕಿದೆ. ಮಾರನೆಯ ದಿನದಿಂದ ಫೋನಿನ ತುಂಬ ವಿಗ್ಗು, ಕ್ಯಾನ್ಸರ್ ಆಸ್ಪತ್ರೆಗಳ ಜಾಹೀರಾತು. ಅರಿಶಿನ ಕುಂಕುಮದ ಆಹ್ವಾನ ಕಳಿಸಿಕೊಡಲು ಫೋನು ಹಿಡಿದ ಸೊಸೆಯ ಕಣ್ಣಿಗೆ ಅವೇ ಬಿದ್ದವು, ಅವಳು ನನ್ನ ಮಗನಿಗೆ ತೋರಿಸಿದಳು. ಹಿಂದೆ ಗೋಡೆಗೆ ಕಿವಿಯಷ್ಟೇ ಇತ್ತು, ಫೋನಿಗೆ ಬಾಯಿಯೂ ಇದೆ. ನನ್ನ ಗೆಳತಿ ಯಾರೆಂದು ತಿಳಿಯದ ದರಿದ್ರಕ್ಕೆ ಅವಳ ಗುಟ್ಟು ಮಾತ್ರ ಸಿಕ್ಕಿತ್ತು!

“ಅಮ್ಮಾ, ನಮ್ಹತ್ರ ಯಾಕಮ್ಮ ಮುಚ್ಚಿಟ್ಟೆ?” ಎಂದ ಮಗ.

“ನಂಗೇನೂ ಆಗಿಲ್ಲ ಕಣೋ.”

“ಮತ್ಯಾರಿಗೆ?”

ಬಾಯಿಗೆ ಬೀಗ ಹಾಕಿಕೊಂಡೆ. ಅವನು ಸುಮ್ಮನಿರದೆ ರಕ್ತಪರೀಕ್ಷೆಗೆ ಎಳೆದುಕೊಂಡು ಹೋದ. ಸೂಜಿ ಎಂದರೆ ಎದ್ದು ಓಡುವವಳು, ಕಣ್ಣು ಮುಚ್ಚಿ ಕೈ ಚಾಚಿದೆ. ನಗಲಿ ಎಂದು ಈ ಕತೆಯನ್ನು ಗೆಳತಿಗೆ ಫೋನಿನಲ್ಲಿ ಹೇಳಿದರೆ ಅವಳು ನಗಲಿಲ್ಲ. ಫೋನು ಇಟ್ಟುಬಿಟ್ಟಳು.

ಹಬ್ಬದ ಸಂಜೆಗೂ ರಿಪೋರ್ಟು ಬಂದಿರಲಿಲ್ಲ. ಮಗ ಒಬ್ಬಟ್ಟು ಮುಟ್ಟದೆ ಕೂತಿದ್ದ. ನಡುಮನೆ ತುಂಬ ಅಕ್ಕಪಕ್ಕದ ಹೆಂಗಸರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವಳು ಒಳಗೆ ಬಂದಳು. ನೇರ ಮಗನ ಮುಂದೆ ನಿಂತು ಸೆರಗು ಸರಿಸಿದಳು.

“ನಿಮ್ಮಮ್ಮಂಗೆ ಏನೂ ಇಲ್ಲ ಕಣಪ್ಪ. ಕಾಯಿಲೆ ನಂದು. ನಾನು ಆಣೆ ಹಾಕಿದ್ದಕ್ಕೆ ಬಾಯ್ಬಿಟ್ಟಿಲ್ಲ, ಬೈಬೇಡ ಅವಳ್ನ.”

ಕುಂಕುಮವಿಟ್ಟ ಸೊಸೆಯ ಕೈ ಹೂವಿನ ಮೇಲೆ ಹಾಗೇ ನಿಂತುಬಿಟ್ಟಿತು. ಗೆಳತಿ ಕೈ ಮುಂದೆ ಚಾಚಿದಳು.

“ಕೈಗೆ ಕಟ್ಟಮ್ಮ, ಶೋಕಿಲಾಲರು ಕಟ್ಕೊಳ್ತಾರಲ್ಲ, ಹಂಗೆ.”

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಸೊಸೆಯ ಕಣ್ಣು ತುಂಬಿತ್ತು. ಹೂವನ್ನು ನಾನೇ ತೆಗೆದುಕೊಂಡೆ. ಗೆಳತಿಯ ಕೈ ಎಷ್ಟು ಸಣ್ಣಗಾಗಿತ್ತೆಂದರೆ ಮಾಲೆಯನ್ನು ಸುತ್ತಿದಷ್ಟೂ ಉಳಿಯಿತು. ನಾನು ಹಾಕಿದ ಗಂಟು ಸಡಿಲವಾಯಿತು.

“ಬಿಗಿಯಾಗಿ ಕಟ್ಟೇ, ಬಿದ್ಹೋಗತ್ತೆ,” ಎಂದು ಎಲ್ಲರೆದುರಿಗೇ ಗದರಿದಳು.

ಹೊರಡುವಾಗ ಗೇಟಿನವರೆಗೆ ಜೊತೆಗೆ ಹೋದೆ. ಬೀದಿಯಲ್ಲಿ ಜನವಿತ್ತು. ಅವಳು ಸೆರಗನ್ನು ಮತ್ತೆ ತಲೆಗೆ ಎಳೆದುಕೊಳ್ಳಲಿಲ್ಲ.